ಎಲ್ಲವೂ ‘ತಡೆ’ ಅಲ್ಲ

ಇಂಗ್ಲಿಷಿನ ವಿದ್‌ಸ್ಟ್ಯಾಂಡ್, ರಿಪೆಲ್, ವಾರ್ಡ್ ಆಫ್, ಸ್ಟೇವ್ ಆಫ್ ಎಲ್ಲಕ್ಕೂ ನಾವು ‘ತಡೆ’ ಅಂದುಬಿಡುತ್ತೇವೆ, ಅದು ಸಾಲದು ಅನ್ನಿಸುತ್ತಿದೆ. ಕಟ್ಟಡ ಭೂಕಂಪವನ್ನು ವಿದ್‌ಸ್ಟ್ಯಾಂಡ್ ಮಾಡೀತು, ರಿಪೆಲ್ ಮಾಡಲಾರದು. ಮೊದಲನೆಯದರಲ್ಲಿ ಪೆಟ್ಟು ಬಿದ್ದೇ ಬೀಳುತ್ತದೆ, ತಾಳಿಕೊಂಡು ನಿಲ್ಲಬೇಕು. ಎರಡನೆಯದರಲ್ಲಿ ಬಂದದ್ದು ಬಂದ ದಾರಿಯಲ್ಲೇ ವಾಪಸಾಗಬೇಕು. ವಾರ್ಡ್ ಆಫ್ ಅಂದರೆ ಹತ್ತಿರ ಸುಳಿಯದಂತೆ ಮೊದಲೇ ನೋಡಿಕೊಳ್ಳುವುದು. ಸ್ಟೇವ್ ಆಫ್ ಇನ್ನೂ ಸೊಗಸು. ಸ್ಟೇವ್ ಅಂದರೆ ದೊಣ್ಣೆ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಕರಡಿ, ಗೂಳಿಗಳ ಮೇಲೆ ಛೂ ಬಿಟ್ಟ ನಾಯಿಗಳನ್ನು ದೊಣ್ಣೆಯಿಂದ ದೂರ ಸರಿಸುತ್ತಿದ್ದರು, ಅಲ್ಲಿನ ಮಾತು ಇದು. ನಾಯಿ ಓಡಿಹೋಗುವುದಿಲ್ಲ, ದೊಣ್ಣೆಯಾಚೆ ಹಲ್ಲು ಕಿರಿದು ನಿಂತಿರುತ್ತದೆ. ಹಸಿವು, ದಿವಾಳಿತನ, ಸೋಲು ಇಂದಿಗೂ ಈ ಪದದ ಜತೆ ಬರುವುದು ಎಷ್ಟು ಸರಿ!

ನಿಘಂಟುಗಳೇ ಇವನ್ನು ಸಮಾನಾರ್ಥಕ ಅನ್ನುತ್ತವಲ್ಲ ಎನ್ನಬಹುದು. ನಿಜ, ಇಂಗ್ಲಿಷರೂ ಅದಲುಬದಲು ಮಾಡುತ್ತಾರೆ. ಆದರೂ ಸೊಳ್ಳೆ ಓಡಿಸುವ ಬಾಟಲಿ ಮೇಲೆ ರಿಪೆಲೆಂಟ್ ಎಂದೇ ಇರುತ್ತದೆ, ಅಲ್ಲಿ ಬೇರೆ ಪದ ಕೂರುವುದಿಲ್ಲ. ಕಂಪನಿ ದಿವಾಳಿಯನ್ನು ‘ತಡೆಯಿತು’ ಎಂದು ಕನ್ನಡದಲ್ಲಿ ಓದಿದರೆ ಅಪಾಯ ಮುಗಿದೇಹೋಯಿತು ಅನ್ನಿಸುತ್ತದೆ. ‘ಸದ್ಯಕ್ಕೆ ಪಾರಾಯಿತು’ ಅನ್ನಬಾರದೇ? ಅನುವಾದ ಮಾಡುವ ಗೆಳೆಯರು ಏನಂತೀರಿ?