ಟಿಕೆಟ್ ಹಂಚೋರು ಯಾರು?

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ನಡೆಯೋದು ನವೆಂಬರ್‌ನಲ್ಲಿ. ಆದರೆ 2024ರ ಜನವರಿಯಲ್ಲೇ ಅಯೋವಾ, ನ್ಯೂ ಹ್ಯಾಂಪ್‌ಶೈರ್ ಜನ ತಮ್ಮ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಓಟು ಹಾಕಿದ್ದರು.

ನಮ್ಮ ಗುಂಡ್ಲುಪೇಟೆ ವಿಧಾನಸಭಾ ಕ್ಷೇತ್ರದಲ್ಲಿ ಅಭ್ಯರ್ಥಿ ಆರಿಸೋ ಕೆಲಸ ಬೆಂಗಳೂರು, ದೆಹಲಿಯಲ್ಲೇ ಮುಗಿದಿರುತ್ತೆ. ಟಿವಿಯಲ್ಲಿ ಪಟ್ಟಿ ಓದುವಾಗ ಟೀ ಅಂಗಡಿಯಲ್ಲಿ ಗ್ಲಾಸು ಹಿಡಿದವರೆಲ್ಲ ಕತ್ತೆತ್ತಿ ನೋಡೋದಷ್ಟೇ ನಮ್ಮ ಪಾಲು. 2017ರ ಉಪಚುನಾವಣೆಯಲ್ಲಿ ಮುಖ್ಯ ಅಭ್ಯರ್ಥಿಗಳು ಗೀತಾ ಮಹದೇವಪ್ರಸಾದ್, ನಿರಂಜನ್ ಕುಮಾರ್. 2018ರಲ್ಲೂ ಅವರಿಬ್ಬರೇ. 2023ರಲ್ಲಿ ನಿರಂಜನ್ ಎದುರು ಗೀತಾ ಅವರ ಮಗ ಗಣೇಶ್ ಪ್ರಸಾದ್. 2018, 2023 ಎರಡರಲ್ಲೂ ಪಕ್ಷ ಬದಲಿಸಿ ಗೆಲ್ಲಿಸಿದ್ದೇವೆ, ಹೆಸರು ಆರಿಸಿದವರು ಮಾತ್ರ ನಾವಲ್ಲ.

ನಮ್ಮ ಜಿಲ್ಲೆಯದೇ ಸಂತೇಮರಹಳ್ಳಿ ಕ್ಷೇತ್ರದಲ್ಲಿ 2004ರ ವಿಧಾನಸಭಾ ಚುನಾವಣೆಯಲ್ಲಿ ಧ್ರುವನಾರಾಯಣ ಗೆದ್ದದ್ದು ಒಂದೇ ಓಟಿನಿಂದ. ಓಟಿಗೆ ಅಷ್ಟು ಬೆಲೆ ಇರೋದಾದರೆ, ಟಿಕೆಟ್ ಕೊಡುವಾಗಲೂ ನಮ್ಮನ್ನೊಂದು ಮಾತು ಕೇಳಬಹುದಲ್ವಾ?