ಜೀಪು ಹುಡುಕಿಕೊಂಡು ಮೂರು ಭಾನುವಾರ

ಸಂಸೆಯ ಚಹಾ ತೋಟ ನೋಡಿದವರಿಗೆ ನಮ್ಮ ಮನೆಯ ದಿಕ್ಕು ಗೊತ್ತಾಗುತ್ತದೆ. ಕಳಸದಿಂದ ಕುದುರೆಮುಖಕ್ಕೆ ಹೋಗುವಾಗ ಬೆಟ್ಟಕ್ಕೆ ಹಸಿರು ಕಂಬಳಿ ಹೊದಿಸಿದ ಹಾಗೆ ಕಾಣುತ್ತದಲ್ಲ, ಅದರ ಆಸುಪಾಸಿನಲ್ಲೇ ಡಾಂಬರು ಬಿಟ್ಟು ಒಂದು ಮಣ್ಣಿನ ದಾರಿ ಕೆಳಗಿಳಿಯುತ್ತದೆ. ಎರಡೂವರೆ ಕಿಲೋಮೀಟರ್. ನಡುವೆ ಒಂದು ಹಳ್ಳ, ಎರಡು ಏರು, ಆಮೇಲೆ ನಮ್ಮ ಅಂಗಳ. ಬೇಸಿಗೆಯಲ್ಲಿ ಬಂದ ನೆಂಟರು ‘ಎಂಥ ಚೆಂದದ ಜಾಗ ಮಾರಾಯ್ರೆ’ ಎನ್ನುತ್ತಾರೆ. ಜೂನ್ ಕಳೆದರೆ ಯಾರೂ ಬರುವುದಿಲ್ಲ.

ಎರಡು ವರ್ಷದ ಹಿಂದೆ ಮಗ ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬಂದ. ಜತೆಗೆ ಸೊಸೆ, ಎಂಟು ವರ್ಷದ ಮೊಮ್ಮಗಳು, ನಾಲ್ಕು ವರ್ಷದ ಮೊಮ್ಮಗ ಮತ್ತು ಪಟ್ಟಣದ ಒಂದು ಸಣ್ಣ ಕಾರು. ಕಾರು ಮೇ ತಿಂಗಳವರೆಗೆ ಚೆನ್ನಾಗಿಯೇ ಓಡಿತು.

ಕಳೆದ ಆಷಾಢದಲ್ಲಿ ಒಂದು ರಾತ್ರಿ ಚಿಕ್ಕವನಿಗೆ ಜ್ವರ ಏರಿ ಮೈ ಬೆಂಕಿಯಾಯಿತು. ಹನ್ನೊಂದು ಗಂಟೆಗೆ ಕಾರು ತೆಗೆದರು. ಹಳ್ಳ ದಾಟಿತು, ಮೊದಲನೇ ಏರಿನಲ್ಲಿ ಚಕ್ರ ನಿಂತಲ್ಲೇ ಸುತ್ತಿ ಸುತ್ತಿ ಕೆಸರು ಎರಚಿತೇ ಹೊರತು ಒಂದು ಮೊಳ ಮುಂದೆ ಹೋಗಲಿಲ್ಲ. ಮಗ ಹುಡುಗನನ್ನು ಪ್ಲಾಸ್ಟಿಕ್ ಕೊಪ್ಪೆಯೊಳಗೆ ಸುತ್ತಿ ಹೆಗಲಿಗೆ ಹಾಕಿಕೊಂಡು ನಡೆದ. ಹಿಂದೆ ಬ್ಯಾಟರಿ ಹಿಡಿದು ಸೊಸೆ. ಡಾಂಬರು ರಸ್ತೆಗೆ ಮುಟ್ಟಿದಾಗ ಪಕ್ಕದ ತೋಟದವರ ಜೀಪು ಕಾದಿತ್ತು. ಕಳಸದ ಡಾಕ್ಟರು ನೋಡಿದರು, ಜ್ವರ ಇಳಿಯಿತು, ಹುಡುಗ ಬೆಳಗ್ಗೆ ಇಡ್ಲಿ ಕೇಳಿದ. ಆದರೆ ಆ ನಡಿಗೆಯ ಬಗ್ಗೆ ಸೊಸೆ ಇವತ್ತಿಗೂ ಮಾತಾಡುವುದಿಲ್ಲ. ‘ಮಾವ, ಮುಂದಿನ ಮಳೆಗಾಲಕ್ಕೆ ಒಂದು ಗಾಡಿ ಬೇಕು’ ಎಂದಳು, ಅಷ್ಟೇ.

ಕೈಯಲ್ಲಿದ್ದದ್ದು ಐದು ಲಕ್ಷ. ಅದೂ ಅಡಕೆ ಮಾರಿದ ಮೇಲೆ. ಹೊಸತಿನ ಮಾತೇ ಇಲ್ಲ. ಹಳೆಯದು, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವಂಥದ್ದು ಬೇಕು. ನಮ್ಮ ಕಡೆ ಅದಕ್ಕೆ ‘ಫೋರ್‌ವೀಲ್ ಗಾಡಿ’ ಅಂತಲೇ ಹೇಳುವುದು. ‘ಎಲ್ಲ ಗಾಡಿಗೂ ನಾಲ್ಕೇ ವೀಲು ಅಲ್ವಾ ಅಜ್ಜ?’ ಎಂದು ಮೊಮ್ಮಗಳು ಕೇಳಿದಳು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೆ? ಅಂಗಳದಲ್ಲಿದ್ದ ಅವಳ ಸೈಕಲ್ಲನ್ನೇ ತಂದೆ. ಪೆಡಲ್ ತುಳಿದರೆ ತಿರುಗುವುದು ಹಿಂದಿನ ಚಕ್ರ ಮಾತ್ರ. ಮುಂದಿನದು ಸುಮ್ಮನೆ ಉರುಳಿಕೊಂಡು ಬರುತ್ತದೆ. ಹಿಂದಿನದು ಕೆಸರಿನಲ್ಲಿ ಜಾರಿದರೆ ಮುಗಿಯಿತು. ಮಾಮೂಲಿ ಗಾಡಿಯಲ್ಲೂ ಹಾಗೆಯೇ, ಇಂಜಿನ್ನಿನ ಶಕ್ತಿ ಎರಡು ಚಕ್ರಕ್ಕೆ ಮಾತ್ರ. ಫೋರ್‌ವೀಲ್ ಗಾಡಿಯಲ್ಲಿ ಇನ್ನೊಂದು ಸಣ್ಣ ಲಿವರ್ ಇರುತ್ತದೆ. ಅದನ್ನು ಹಾಕಿದರೆ ಮುಂದಿನ ಚಕ್ರಗಳೂ ದುಡಿಯುತ್ತವೆ. ಹಿಂದಿನವು ತಳ್ಳುತ್ತವೆ, ಮುಂದಿನವು ಎಳೆಯುತ್ತವೆ. ಅದೇ ಲಿವರಿನಲ್ಲಿ ‘ಲೋ’ ಅಂತ ಇನ್ನೊಂದು ಮನೆ. ಗೇರ್ ಸೈಕಲ್ಲಿನಲ್ಲಿ ಏರು ಬಂದಾಗ ಹಗುರದ ಗೇರಿಗೆ ಹಾಕುತ್ತೀರಲ್ಲ, ಅದರ ಹಾಗೆ. ವೇಗ ಕಡಿಮೆ, ಬಲ ಹೆಚ್ಚು.

ನನಗೋ ಮನಸ್ಸಿನಲ್ಲಿ ಒಂದೇ ಚಿತ್ರ. ನಾನು ಹುಡುಗನಾಗಿದ್ದಾಗ ಎಸ್ಟೇಟಿನ ದೊರೆಗಳು ಓಡಿಸುತ್ತಿದ್ದ, ಮೇಲೆ ಟಾರ್ಪಾಲು, ಮುಂದೆ ಏಳು ಸೀಳಿನ ಮುಖ ಇದ್ದ ಜೀಪು. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ಹುಟ್ಟಿದ ಗಾಡಿ ಅದು. ಯುದ್ಧ ಮುಗಿದ ಮೇಲೆ ಮುಂಬಯಿಯಲ್ಲಿ ಮಹೀಂದ್ರದವರು ಬಿಡಿಭಾಗ ತರಿಸಿ ಜೋಡಿಸತೊಡಗಿದರು, ಆಮೇಲೆ ಇಲ್ಲೇ ತಯಾರಿಸಿದರು. ಮಲೆನಾಡಿನಲ್ಲಿ ಅದು ಹೊರದ ವಸ್ತುವಿಲ್ಲ. ಅಡಕೆ, ಗೊಬ್ಬರ, ಮದುಮಗಳು, ಬಾಣಂತಿ ಎಲ್ಲ. ಮಳೆಗಾಲದಲ್ಲಿ ಟೈರಿಗೆ ಕಬ್ಬಿಣದ ಚೈನು ಸುತ್ತಿಕೊಂಡು ಗಲಗಲ ಸದ್ದು ಮಾಡುತ್ತ ಅದು ಏರು ಹತ್ತುವುದನ್ನು ಕೇಳಿಯೇ ಯಾರ ಮನೆಗೆ ಯಾರು ಬಂದರೆಂದು ಹೇಳುತ್ತಿದ್ದೆವು.

ಹಾಗಾಗಿ ಶಿವರಾತ್ರಿ ಕಳೆದ ಮೊದಲ ಭಾನುವಾರ ಹೊರನಾಡಿನ ಕಡೆಗೆ ಹೊರಟೆವು. ಕಳಸದ ಗ್ಯಾರೇಜಿನ ಮೇಸ್ತ್ರಿಯವರೂ ಜತೆಗೆ. ಅವರು ಮೇಸ್ತ್ರಿ, ನಾನು ಮೇಷ್ಟ್ರು. ಫೋನಿನಲ್ಲಿ ಯಾರನ್ನು ಕರೆದರೆಂದು ಇಬ್ಬರಿಗೂ ಗೊಂದಲ. ದಾರಿಯಲ್ಲಿ ಹೆಬ್ಬಾಳೆಯ ಹತ್ತಿರ ಭದ್ರೆ ಮೊಣಕಾಲುದ್ದವಿದ್ದಳು. ಮಳೆಗಾಲದಲ್ಲಿ ಇಲ್ಲಿನ ಹಳೆಯ ತಗ್ಗು ಸೇತುವೆ ಮುಳುಗಿ, ಹೊರನಾಡಿನ ಅನ್ನಪೂರ್ಣೇಶ್ವರಿಗೆ ಹೊರಟವರು ಆಚೆ ದಡದಲ್ಲಿ ಬಸ್ಸಿನಲ್ಲೇ ಕೂತು ಕಾಯುತ್ತಿದ್ದ ದಿನಗಳನ್ನು ಮಕ್ಕಳಿಗೆ ಹೇಳಿದೆ. ಇಷ್ಟು ನೀರಿಗಾ ಎಂದು ನಗುತ್ತಾರೆ.

ಹೊರನಾಡಿನ ಹತ್ತಿರ ಕ್ಯಾತನಮಕ್ಕಿ ಗುಡ್ಡಕ್ಕೆ ಪ್ರವಾಸಿಗರನ್ನು ಹತ್ತಿಸುವ ಜೀಪುಗಳು ಸಾಲಾಗಿ ನಿಂತಿರುತ್ತವೆ. ನಾವು ನೋಡಹೋದದ್ದು ಅಂಥದ್ದೇ ಒಂದು ಕೆಲಸ ಮಾಡಿ ನಿವೃತ್ತಿಯಾದ ಜೀಪು. ಹೊಸ ಬಣ್ಣ, ಹೊಸ ಟಾರ್ಪಾಲು, ಎರಡೂಕಾಲು ಲಕ್ಷ. ನನ್ನ ಎದೆ ಹಗುರವಾಯಿತು. ಮೇಸ್ತ್ರಿ ಒಂದು ಮಾತೂ ಆಡದೆ ಗೋಣಿ ಹಾಸಿ ಅಡಿಗೆ ನುಸುಳಿದರು. ಹೊರಬಂದವರು ‘ಮೇಷ್ಟ್ರೇ, ಲಿವರ್ ಉಂಟು, ಅದು ತಿರುಗಿಸಬೇಕಾದದ್ದೇ ಇಲ್ಲ’ ಎಂದರು. ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಕಬ್ಬಿಣದ ದಂಡ, ಪ್ರೊಪೆಲ್ಲರ್ ಶಾಫ್ಟ್ ಅಂತಾರಲ್ಲ, ಅದನ್ನು ಯಾವತ್ತೋ ಬಿಚ್ಚಿದ್ದರು. ಮಾಲೀಕರು ‘ಅದು ಎಲ್ಲೋ ಮನೆಯಲ್ಲೇ ಉಂಟು, ಹುಡುಕಿ ಕೊಡ್ತೇನೆ’ ಎಂದರು. ಇರಬಹುದು.

ಆ ಹೊತ್ತಿಗೆ ಮೊಮ್ಮಗಳು ತನ್ನ ವಿಜ್ಞಾನದ ಡಬ್ಬಿಯ ಅಯಸ್ಕಾಂತ ತಂದು ಮಡ್‌ಗಾರ್ಡಿಗೆ ಅಂಟಿಸುತ್ತಿದ್ದಳು. ಮೇಸ್ತ್ರಿಯೇ ಹೇಳಿಕೊಟ್ಟ ಆಟ. ತಗಡಿಗೆ ಅಂಟುತ್ತದೆ. ತುಕ್ಕು ಹಿಡಿದ ತೂತನ್ನು ಪುಟ್ಟಿ ಮೆತ್ತಿ ಮುಚ್ಚಿದ ಜಾಗದಲ್ಲಿ ಅಂಟುವುದಿಲ್ಲ. ಮೂರು ಕಡೆ ಅದು ಕೆಳಗೆ ಬಿತ್ತು. ಪ್ರತಿ ಸಲ ಅವಳು ಜೋರಾಗಿ ಎಣಿಸಿದಳು, ಮಾಲೀಕರ ಮುಖ ಸಣ್ಣದಾಯಿತು.

ಎರಡನೇ ಭಾನುವಾರ ಬಾಳೆಹೊನ್ನೂರು. ಕಳಸದಿಂದ ಮಾಗುಂಡಿ ಮೇಲೆ ಹೋಗುವ ಈ ದಾರಿ ನನಗೆ ಬಹಳ ಇಷ್ಟ. ಭದ್ರೆ ಆಗಾಗ ಮರಗಳ ಸಂದಿಯಲ್ಲಿ ಇಣುಕಿ ಮತ್ತೆ ಮರೆಯಾಗುತ್ತಾಳೆ. ಅಲ್ಲಿ ನಮಗಾಗಿ ಕಾದಿದ್ದದ್ದು ಒಂದು ಜಿಪ್ಸಿ. ಮಾರುತಿಯವರು 1985ರಲ್ಲಿ ತಂದ, ಸೈನ್ಯದವರೂ ಕಾಡಿನ ಸಫಾರಿಯವರೂ ಬಿಡದೆ ಓಡಿಸಿದ ಗಾಡಿ. ತೂಕ ಸುಮಾರು ಒಂದು ಟನ್ ಅಷ್ಟೇ. ಹಗುರ ಇರುವುದರಿಂದ ಕೆಸರಿನಲ್ಲಿ ಹೂತುಹೋಗುವುದು ಕಡಿಮೆ. ಮುಂದಿನ ಚಕ್ರದ ನಡುವೆ ಒಂದು ಗುಂಡಿ ಇದೆ, ಇಳಿದು ಹೋಗಿ ಕೈಯಲ್ಲಿ ‘ಲಾಕ್’ ಕಡೆಗೆ ತಿರುಗಿಸಿದರೆ ಮಾತ್ರ ಫೋರ್‌ವೀಲ್ ಕೆಲಸ ಮಾಡುತ್ತದೆ. ಮೊಮ್ಮಗನಿಗೆ ಅದನ್ನು ತಿರುಗಿಸುವುದೇ ಹಬ್ಬವಾಯಿತು.

ಗದ್ದೆಯ ಬದಿಯ ಕೆಸರಿಗೆ ಇಳಿಸಿ ಪರೀಕ್ಷೆ ಮಾಡಿದೆವು. ಮಗ ಓಡಿಸಿದ, ನಾವು ಹೊರಗೆ ನಿಂತು ಮುಂದಿನ ಚಕ್ರ ಮಣ್ಣು ಎರಚುತ್ತದೆಯೇ ನೋಡಿದೆವು. ಎರಚಿತು, ನನ್ನ ಪಂಚೆಗೂ. ಈ ಪರೀಕ್ಷೆಯನ್ನು ಡಾಂಬರಿನ ಮೇಲೆ ಮಾಡಬಾರದು. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಒಂದೇ ದೂರ ಓಡುವುದಿಲ್ಲ. ಮಣ್ಣಾದರೆ ಸ್ವಲ್ಪ ಜಾರಿ ಸರಿಮಾಡಿಕೊಳ್ಳುತ್ತವೆ. ಗಟ್ಟಿ ರಸ್ತೆಯಲ್ಲಿ ಜಾರಲಾರದೆ ಒಳಗಿನ ಗೇರುಗಳು ಹಿಂಡಿಹೋಗುತ್ತವೆ. ಮೇಸ್ತ್ರಿ ಗೇರ್‌ಬಾಕ್ಸಿನ ಬಿರಡೆ ಬಿಚ್ಚಿ ಬೆರಳು ಅದ್ದಿ ನೋಡಿದರು. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಅಂತ ಅರ್ಥ. ಇದರಲ್ಲಿ ಕಪ್ಪು ಕಾಫಿಯೇ ಇತ್ತು. ಎಲ್ಲ ಸರಿ. ಮಗ ನನ್ನ ಮುಖ ನೋಡಿದ, ನಾನು ಮುಂಗಡ ಕೊಡಲು ಜೇಬಿಗೆ ಕೈ ಹಾಕಿದ್ದೆ.

ಆಗ ಸೊಸೆ ಹಿಂದಿನ ಬಾಗಿಲು ತೆಗೆದು ಮಕ್ಕಳನ್ನು ಕೂರಿಸಿದಳು. ಎರಡು ಬದಿಗೆ ಎರಡು ಬೆಂಚು, ಮಕ್ಕಳು ಎದುರುಬದುರು. ಚಿಕ್ಕವನ ಕಾಲು ಗಾಳಿಯಲ್ಲಿ ನೇತಾಡುತ್ತಿತ್ತು. ‘ನನ್ನ ಬೆಲ್ಟ್ ಎಲ್ಲಿ?’ ಎಂದ. ಪಟ್ಟಣದ ಕಾರಿನಲ್ಲಿ ಬೆಳೆದ ಹುಡುಗ, ಬೆಲ್ಟ್ ಹಾಕದೆ ಗಾಡಿ ಹೊರಡುವುದಿಲ್ಲ ಎಂದೇ ಅವನ ನಂಬಿಕೆ. ಬೆಲ್ಟ್ ಇರಲಿಲ್ಲ. ‘ಮಾವ, ಇದು ಏರು ಹತ್ತುತ್ತದೆ. ಇಳಿಜಾರಿನಲ್ಲಿ ಗಕ್ಕನೆ ನಿಂತರೆ ಇವರು ಎಲ್ಲಿಗೆ ಹೋಗಿ ಬೀಳ್ತಾರೆ?’ ಎಂದು ಸೊಸೆ ಮೆಲ್ಲನೆ ಕೇಳಿದಳು.

ನಾವು ಅಂಥ ಬೆಂಚಿನಲ್ಲೇ ಹತ್ತು ಹನ್ನೆರಡು ಜನ ಕೂತು ಬೆಳೆದವರು ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ನಮ್ಮ ಜತೆ ಬೆಳೆಯದೆ ಹೋದ ಒಬ್ಬಿಬ್ಬರು ನೆನಪಾದರು. ನಾಲ್ಕು ಚಕ್ರಕ್ಕೆ ಶಕ್ತಿ ಇದ್ದರೆ ಗಾಡಿ ಹತ್ತುತ್ತದೆ. ನಿಲ್ಲುವುದಕ್ಕೆ ಅದರಿಂದ ಏನೂ ಉಪಕಾರವಿಲ್ಲ. ನಿಲ್ಲಿಸುವುದು ಬ್ರೇಕು ಮತ್ತು ಟೈರು. ಇಷ್ಟು ದಿನ ನಾವು ಹತ್ತುವುದನ್ನು ಮಾತ್ರ ಯೋಚಿಸುತ್ತಿದ್ದೆವು. ಬಾಳೆಹೊನ್ನೂರಿನಿಂದ ಬರುವಾಗ ಕಾರಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಆ ಜಿಪ್ಸಿಯನ್ನು ಬಿಟ್ಟುಬಂದದ್ದು ನನಗೆ ಈಗಲೂ ಚೂರು ಬೇಸರವೇ.

ಮನೆಗೆ ಬಂದಾಗ ನಮ್ಮವಳು ಇನ್ನೊಂದು ಷರತ್ತು ಸೇರಿಸಿದಳು. ‘ನನ್ನ ಮಂಡಿಗೆ ಹತ್ತಲಿಕ್ಕೆ ಬರುವ ಗಾಡಿ ತನ್ನಿ. ನನ್ನನ್ನು ಎತ್ತಿ ಹಾಕುವುದಾದರೆ ನಾನು ಮನೆಯಲ್ಲೇ ಇರ್ತೇನೆ.’

ಮೂರನೆಯ ಭಾನುವಾರದ ಹೊತ್ತಿಗೆ ಹೂಮಳೆ ಬಂದಿತ್ತು. ಮೂಡಿಗೆರೆಗೆ ಹೋಗುವ ದಾರಿಯುದ್ದಕ್ಕೂ ಕಾಫಿ ತೋಟಗಳು ಬೆಳ್ಳಗೆ ಅರಳಿ, ಮಲ್ಲಿಗೆಯಂಥ ಪರಿಮಳ ಕಾರಿನೊಳಗೆಲ್ಲ ತುಂಬಿತು. ಕೊಟ್ಟಿಗೆಹಾರದಲ್ಲಿ ನೀರುದೋಸೆ. ಅಲ್ಲಿ ನಿಲ್ಲದೆ ಮುಂದೆ ಹೋಗುವವರನ್ನು ನಾನು ನಂಬುವುದಿಲ್ಲ.

ಮೂಡಿಗೆರೆಯಲ್ಲಿ ನೋಡಿದ್ದು 2012ರ ಸ್ಕಾರ್ಪಿಯೊ, ಫೋರ್‌ವೀಲಿನದು. ನೋಡಲು ಮಾಮೂಲಿ ಸ್ಕಾರ್ಪಿಯೊ, ಲಿವರಿನ ಬದಲು ಒಂದು ತಿರುಗುವ ಗುಂಡಿ, ಅದರಲ್ಲಿ ‘ಲೋ’ ಕೂಡ ಉಂಟು. ನಡುವಿನ ಸಾಲಿನ ಸೀಟು ಮುಂದಕ್ಕೆ ಮುಖ ಮಾಡಿದೆ, ಬೆಲ್ಟ್ ಇದೆ. ತೀರ ಹಿಂದಿನ ಅಡ್ಡ ಸೀಟುಗಳನ್ನು ಮಡಚಿ ಅಲ್ಲಿ ಅಡಕೆ ಮೂಟೆ ಹಾಕುವುದೆಂದು ಸೊಸೆ ಅಲ್ಲೇ ಕಾನೂನು ಮಾಡಿದಳು. ಇದು ಜಿಪ್ಸಿಗಿಂತ ಬಹಳ ಭಾರ, ಡೀಸೆಲ್ ಕುಡಿಯುತ್ತದೆ, ಕೆಟ್ಟರೆ ಖರ್ಚೂ ಜಾಸ್ತಿ. ಕೇಳಿದ್ದು ಐದು ಲಕ್ಷ ಹತ್ತು ಸಾವಿರ. ನಾಲ್ಕು ಟೈರಿನಲ್ಲಿ ಎರಡು ಒಂದು ಬಗೆ, ಎರಡು ಇನ್ನೊಂದು ಅಳತೆ. ಫೋರ್‌ವೀಲ್ ಗಾಡಿಗೆ ನಾಲ್ಕೂ ಒಂದೇ ಅಳತೆ ಇರಲೇಬೇಕೆಂದು ಮೇಸ್ತ್ರಿ ಗಟ್ಟಿಯಾಗಿ ಹೇಳಿ ಅದನ್ನೇ ಹಿಡಿದುಕೊಂಡು ಕೂತರು. ನಾಲ್ಕು ಎಂಬತ್ತಕ್ಕೆ ಇಳಿಯಿತು. ಉಳಿದದ್ದು ಟೈರಿಗೂ ಬ್ರೇಕಿಗೂ ಹೋಯಿತು.

ಕಾಗದಪತ್ರದ ಕೆಲಸದಲ್ಲಿ ಮೊಮ್ಮಗಳಿಗೂ ಪಾಲು ಸಿಕ್ಕಿತು. ಚಾಸಿ ಮೇಲೆ ಕೊರೆದ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಂಕಿಗಳು ಮೂಡುತ್ತವೆ, ಎಲೆಯ ನರಗಳನ್ನು ಮೂಡಿಸುತ್ತೀರಲ್ಲ, ಹಾಗೆಯೇ. ಅವಳು ಉಜ್ಜಿ ತೆಗೆದು ಆರ್‌ಸಿಯಲ್ಲಿದ್ದುದಕ್ಕೆ ಒಂದೊಂದೇ ಅಕ್ಷರ ಹೊಂದಿಸಿ ‘ಸರಿ’ ಎಂದು ಸಹಿ ಹಾಕಿದಳು. ಗಾಡಿ ನಮ್ಮ ಜಿಲ್ಲೆಯದೇ, ಕೆಎ 18. ಬೇರೆ ರಾಜ್ಯದ್ದಾಗಿದ್ದರೆ ಅಲ್ಲಿಯ ನಿರಾಕ್ಷೇಪಣಾ ಪತ್ರ, ಇಲ್ಲಿಯ ತೆರಿಗೆ ಎಂದು ಅಗ್ಗದ ಗಾಡಿ ದುಬಾರಿಯಾಗುತ್ತಿತ್ತು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ನಮೂನೆ 29, 30ಕ್ಕೆ ಸಹಿ ಆಯಿತು. ಹಳೆಯ ಸಾಲ ತೀರಿದೆಯೆಂಬ ಬ್ಯಾಂಕಿನ ಪತ್ರ ಕೈಗೆ ಬರುವವರೆಗೆ ಮಗ ಪೂರ್ತಿ ಹಣ ಕೊಡಲಿಲ್ಲ. ವಿಮೆಯೂ ಅವನ ಹೆಸರಿಗೆ ಬಂತು.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಶಾಲೆಗೆ ಹೊರಟ ದಿನ ಹಳ್ಳದ ಮುಂದೆ ಮಗ ಗಾಡಿ ನಿಲ್ಲಿಸಿ, ಇಳಿದು, ಕೋಲು ಹಾಕಿ ನೀರು ಅಳೆದ. ಎಂಥ ಗಾಡಿಯಿದ್ದರೂ ಅಳೆಯದೆ ನೀರಿಗೆ ಇಳಿಯಬಾರದು ಅಂತ ಮೇಸ್ತ್ರಿ ಹೇಳಿ ಕಳಿಸಿದ್ದರು. ಮೊಣಕಾಲಿಗಿಂತ ಕೆಳಗಿತ್ತು. ದಾಟಿದೆವು. ಮೊದಲನೇ ಏರಿನ ಬುಡದಲ್ಲಿ ಗುಂಡಿ ತಿರುಗಿಸಿ ‘ಲೋ’ಗೆ ಹಾಕಿದ. ಗಾಡಿ ಗೊಣಗುತ್ತ, ಆತುರವಿಲ್ಲದೆ, ಎಮ್ಮೆ ದಿಬ್ಬ ಹತ್ತಿದ ಹಾಗೆ ಹತ್ತಿತು. ಕಳೆದ ವರ್ಷ ಕಾರು ಸಿಕ್ಕಿಕೊಂಡ ಜಾಗ ಬಂದಾಗ ನಾನು ತಿರುಗಿ ನೋಡಿದೆ. ಸೊಸೆ ಕಿಟಕಿಯ ಆಚೆ ನೋಡುತ್ತಿದ್ದಳು. ಚಿಕ್ಕವ ಬೆಲ್ಟಿನೊಳಗೆ ನಿದ್ದೆ ಹೋಗಿದ್ದ.

ಸ್ಕಾರ್ಪಿಯೊದ ಮೆಟ್ಟಿಲು ನಮ್ಮವಳಿಗೆ ಈಗಲೂ ಎತ್ತರವೇ. ಅದಕ್ಕೆ ಅಡುಗೆಮನೆಯ ಒಂದು ಹಳೆಯ ಮಣೆ ಗಾಡಿಯಲ್ಲಿ ಕಾಯಂ ಆಗಿದೆ. ಕಳಸದ ಪೇಟೆಯಲ್ಲಿ ಅವಳು ಇಳಿಯುವ ಮೊದಲು ಮೊಮ್ಮಗಳು ಮಣೆ ಹಿಡಿದುಕೊಂಡು ಓಡುತ್ತಾಳೆ.