ಜಮೀನಿಲ್ಲದವರ ಜಾಮೀನು

ಚಂದ್ರಾ ಲೇಔಟ್‌ನಲ್ಲಿ ನಮ್ಮ ಮಕ್ಕಳು ಓದುವ ಹೈಸ್ಕೂಲಿನಲ್ಲಿ ತಿಂಗಳಿಗೆ ಎರಡು ಶನಿವಾರ ನಾವು ಸೇರುತ್ತೇವೆ. ನಾವು ಎಂದರೆ ಹತ್ತು ಹನ್ನೆರಡು ಮಂದಿ ತಂದೆತಾಯಿಯರು, ಮೂವರು ಶಿಕ್ಷಕರು, ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳು. ಬಿಡಿಎ ಸೈಟಿನಲ್ಲಿ ಮನೆ ಕಟ್ಟಿಕೊಂಡವರು, ಗಂಗೊಂಡನಹಳ್ಳಿಯ ಬಾಡಿಗೆ ಮನೆಯವರು, ನಾಯಂಡಹಳ್ಳಿಯ ಶೀಟಿನ ಮನೆಗಳಿಂದ ಬರುವವರು ಎಲ್ಲರೂ ನಮ್ಮಲ್ಲಿದ್ದಾರೆ. ಕೆಲವರು ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು ಆಮೇಲೆ ಕನ್ನಡಕ್ಕೆ ಬಂದವರು. ಬೆಳಗಿನ ಶಾಲೆ ಬಿಟ್ಟ ಮೇಲೆ ಅದೇ ಬೆಂಚುಗಳ ಮೇಲೆ ಮಕ್ಕಳ ಪಕ್ಕದಲ್ಲಿ ಕೂರುತ್ತೇವೆ. ಮಕ್ಕಳ ಪರೀಕ್ಷೆಯ ಓದಿಗೆಂದು ಶುರುವಾದದ್ದು ಇದು. ಕಳೆದ ವರ್ಷ ಒಂದು ಪ್ರಶ್ನೆಯಿಂದಾಗಿ ಅದರ ದಿಕ್ಕೇ ಬದಲಾಯಿತು.

ಅಂದು ಸಮಾಜ ವಿಜ್ಞಾನದ ಮೇಷ್ಟ್ರು ನ್ಯಾಯಾಂಗದ ಪಾಠ ಮಾಡುತ್ತಿದ್ದರು. ‘ಅಪರಾಧ ಸಾಬೀತಾಗುವವರೆಗೆ ಆರೋಪಿ ನಿರಪರಾಧಿ’ ಎಂದು ಬೋರ್ಡಿನ ಮೇಲೆ ಬರೆದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಹಂಗಾದ್ರ ಸಾಬೀತಾಗೋದರಾಗ ಜೈಲಿನಾಗ ಯಾಕ ಇಡ್ತಾರ್ರಿ?”

ಮೇಷ್ಟ್ರು ಸುಣ್ಣದ ಕಡ್ಡಿ ಹಿಡಿದುಕೊಂಡೇ ನಿಂತರು. ಅವಳು ಯಾಕೆ ಕೇಳಿದಳೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳ ಮನೆಯವರು ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಅಣ್ಣನಿಗೆ ಇಪ್ಪತ್ತು ವರ್ಷ. ಮೊಬೈಲ್ ಕಿತ್ತುಕೊಂಡ ಆರೋಪದ ಮೇಲೆ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ಇದ್ದ. ಸುದ್ದಿ ಹಬ್ಬಿದ ದಿನದಿಂದ ಗೆಳತಿಯರು ಅವಳ ಜೊತೆ ಊಟದ ಡಬ್ಬಿ ಹಂಚಿಕೊಳ್ಳುವುದನ್ನು ಬಿಟ್ಟಿದ್ದರು. ಮಕ್ಕಳಿಗೆ ಇದನ್ನು ಹೇಳಿಕೊಟ್ಟವರು ಯಾರು? ಮನೆಯಲ್ಲಿ ನಾವು ಆಡಿದ ಮಾತನ್ನೇ ಅವರು ಶಾಲೆಗೆ ತಂದಿದ್ದರು.

ಆ ಪ್ರಶ್ನೆಗೆ ಎಲ್ಲರೂ ಕೂಡಿ ಉತ್ತರ ಹುಡುಕೋಣ ಎಂದು ಮೇಷ್ಟ್ರು ಹೇಳಿದರು. ಶಿಕ್ಷಕಿಯೊಬ್ಬರು ಹಿಂಜರಿದರು. “ಬೀದರಿನಲ್ಲಿ ಏನಾಯ್ತು ಮರೆತಿರಾ?” ಎಂದರು. ಮರೆಯುವುದು ಹೇಗೆ? 2020ರ ಜನವರಿಯಲ್ಲಿ ಅಲ್ಲಿನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ಒಂದು ಪುಟ್ಟ ನಾಟಕ ಆಡಿದ್ದರು. ಮುಖ್ಯ ಶಿಕ್ಷಕಿಯನ್ನೂ ಒಬ್ಬ ವಿದ್ಯಾರ್ಥಿನಿಯ ತಾಯಿಯನ್ನೂ ರಾಜದ್ರೋಹದ ಆರೋಪದ ಮೇಲೆ ಜೈಲಿಗೆ ಹಾಕಿದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಮಕ್ಕಳನ್ನು ಕೂರಿಸಿ ವಿಚಾರಿಸಿದರು. 2023ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಪ್ರಕರಣವನ್ನು ರದ್ದು ಮಾಡಿತು. ಆದರೆ ಎರಡು ವಾರ ತಾಯಿಯಿಲ್ಲದೆ ನೆರೆಯವರ ಮನೆಯಲ್ಲಿ ಕಳೆದ ಮಗುವಿಗೆ ಆ ದಿನಗಳನ್ನು ಯಾವ ತೀರ್ಪು ಹಿಂದಿರುಗಿಸೀತು? ನಮಗೂ ಹೆದರಿಕೆ ಇತ್ತು. ಯಾರ ಪರ, ಯಾರ ವಿರುದ್ಧ ಎಂಬ ಮಾತು ಬೇಡ, ಕಾನೂನು ಏನು ಹೇಳುತ್ತದೆ ಎಂಬುದನ್ನಷ್ಟೇ ಓದೋಣ ಎಂದು ಒಪ್ಪಿಕೊಂಡೆವು.

ಮೊದಲು ಅಂಕಿಅಂಶಗಳನ್ನು ನೋಡಿದೆವು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಜನರಿದ್ದರು. ಅವರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನ ಕೈದಿಗಳು, ಎಂದರೆ ಇನ್ನೂ ತೀರ್ಪು ಬರದವರು. ಮೇಷ್ಟ್ರು ತರಗತಿಯ ನಲವತ್ತು ಮಕ್ಕಳನ್ನು ನಿಲ್ಲಿಸಿ, ಅವರಲ್ಲಿ ಮೂವತ್ತು ಮಂದಿಯನ್ನು ಗೋಡೆಯ ಕಡೆಗೆ ಕಳಿಸಿದರು. “ನೀವೆಲ್ಲ ಕಾನೂನಿನ ಕಣ್ಣಿನಲ್ಲಿ ನಿರಪರಾಧಿಗಳು, ಆದರೂ ಒಳಗೆ ಇದ್ದೀರಿ” ಎಂದರು. ಮಕ್ಕಳು ನಕ್ಕರು, ಆಮೇಲೆ ಸುಮ್ಮನಾದರು. ಈ ವಿಚಾರಣಾಧೀನರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಹತ್ತನೆಯ ತರಗತಿ ಮುಟ್ಟದವರು. ದಲಿತರು ಸುಮಾರು ಐದರಲ್ಲೊಂದು ಪಾಲು, ಮುಸಲ್ಮಾನರೂ ಹೆಚ್ಚುಕಡಿಮೆ ಅಷ್ಟೇ. 2011ರ ಜನಗಣತಿಯಲ್ಲಿ ಮುಸಲ್ಮಾನರು ಶೇಕಡಾ 14 ಇದ್ದರು, ಪರಿಶಿಷ್ಟ ಜಾತಿಯವರು ಶೇಕಡಾ 17ರ ಹತ್ತಿರ. ಜೈಲಿನೊಳಗೆ ಎರಡೂ ಪಾಲು ಹಿಗ್ಗಿದೆ.

ಇನ್ನೊಂದು ಶನಿವಾರ ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕಿಗೆ ಹೋದೆವು. ಬ್ರಿಟಿಷರ ಕಾಲದಿಂದ ಅದು ಸೆಂಟ್ರಲ್ ಜೈಲಾಗಿತ್ತು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ, 2008ರಲ್ಲಿ ಸಾರ್ವಜನಿಕರಿಗೆ ಉದ್ಯಾನವಾಗಿ ತೆರೆಯಿತು. ತುರ್ತು ಪರಿಸ್ಥಿತಿಯಲ್ಲಿ ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಇಲ್ಲಿದ್ದರು. ‘ಸಂಸ್ಕಾರ’ ಚಿತ್ರದಲ್ಲಿ ಅಭಿನಯಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ತಂದಿಟ್ಟದ್ದೂ ಇಲ್ಲಿಗೇ. ಉಬ್ಬಸದಿಂದ ಬಳಲಿದ ಅವರು 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಮೇಲೆ ಯಾವ ಅಪರಾಧವೂ ಸಾಬೀತಾಗಿರಲಿಲ್ಲ. ಹುಡುಗರು ಕಾವಲು ಗೋಪುರದ ಕೆಳಗೆ ಫೋಟೋ ತೆಗೆಸಿಕೊಂಡರು. ಆ ಹುಡುಗಿ ಮಾತ್ರ ಒಂದು ಕೋಣೆಯ ಬಾಗಿಲಲ್ಲಿ ನಿಂತು, ಅದರ ಅಗಲವನ್ನು ತನ್ನ ಹೆಜ್ಜೆಯಲ್ಲಿ ಅಳೆಯುತ್ತಿದ್ದಳು.

ಕಲಬುರಗಿಯ ನಿಸಾರುದ್ದೀನ್ ಅಹ್ಮದ್ ಅವರ ವಿಷಯ ಬಂದ ದಿನ ನಮ್ಮ ಮುಸ್ಲಿಂ ಮನೆಗಳವರು ಬಹಳ ಹೊತ್ತು ಮಾತಾಡಿದೆವು. 1994ರ ಜನವರಿಯಲ್ಲಿ ಬಂಧಿಸಿದಾಗ ಅವರು ಫಾರ್ಮಸಿ ಓದುತ್ತಿದ್ದ, ಇಪ್ಪತ್ತು ತುಂಬದ ಹುಡುಗ. ರೈಲು ಸ್ಫೋಟಗಳ ಆರೋಪ, ಟಾಡಾ ಕಾಯ್ದೆ, ಪೊಲೀಸರ ಮುಂದೆ ಕೊಟ್ಟರೆನ್ನಲಾದ ತಪ್ಪೊಪ್ಪಿಗೆ. ಅಣ್ಣನನ್ನೂ ಹಿಡಿದರು. ಹತ್ತು ವರ್ಷದ ನಂತರ ಜೀವಾವಧಿ ಶಿಕ್ಷೆಯಾಯಿತು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತಪ್ಪೊಪ್ಪಿಗೆಯನ್ನು ಒಪ್ಪದೆ ಬಿಡುಗಡೆ ಮಾಡಿತು. ಅಷ್ಟರಲ್ಲಿ ಇಪ್ಪತ್ತೆರಡು ವರ್ಷಗಳಿಗೂ ಹೆಚ್ಚು ಕಾಲ ಕಳೆದಿತ್ತು. ಮಕ್ಕಳಿಗಾಗಿ ಹೋರಾಡುತ್ತಲೇ ತಂದೆ ತೀರಿಕೊಂಡಿದ್ದರು. ನಮಗೆ 2020ರ ಏಪ್ರಿಲ್ ಕೂಡ ನೆನಪಾಯಿತು. ಪಾದರಾಯನಪುರದಲ್ಲಿ ಆರೋಗ್ಯ ಸಿಬ್ಬಂದಿಯನ್ನು ತಡೆದು ದಾಂಧಲೆ ಮಾಡಿದ ಆರೋಪದ ಮೇಲೆ ನೂರಕ್ಕೂ ಹೆಚ್ಚು ಜನರನ್ನು ಹಿಡಿದು ರಾಮನಗರದ ಜೈಲಿಗೆ ಕಳಿಸಿದ್ದರು. ತಪ್ಪು ಮಾಡಿದವರಿಗೆ ಶಿಕ್ಷೆಯಾಗಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಆ ದಿನಗಳಲ್ಲಿ ‘ಪಾದರಾಯನಪುರ’ ಎಂಬ ವಿಳಾಸವೇ ಒಂದು ಆರೋಪವಾಗಿತ್ತು. ಹೆಸರು ಕೇಳಿ ದೂರ ಸರಿಯುವವರನ್ನು ನಾವು ಅಂದು ಕಣ್ಣಾರೆ ಕಂಡಿದ್ದೆವು. ಅದನ್ನೆಲ್ಲ ಹೇಳುವಾಗ ನಮ್ಮ ಗಂಟಲು ಕಟ್ಟಿತು. ಆ ಹುಡುಗಿ ಗಮನವಿಟ್ಟು ಕೇಳುತ್ತಿದ್ದಳು.

ಮುಂದಿನ ಸಲ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಓದುವ ಯುವತಿಯೊಬ್ಬರು ನಮ್ಮ ಜೊತೆ ಕೂತರು. ಅವರು ನ್ಯೂಯಾರ್ಕಿನ ಕಲೀಫ್ ಬ್ರೌಡರ್ ಎಂಬ ಕಪ್ಪು ಹುಡುಗನ ಕಥೆ ಹೇಳಿದರು. 2010ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಶಾಲಾ ಬ್ಯಾಗಿನಂಥ ಒಂದು ಚೀಲ ಕದ್ದ ಆರೋಪ ಅವನ ಮೇಲೆ ಬಂತು. ಜಾಮೀನಿಗೆ ಬೇಕಾದ 3,000 ಡಾಲರ್ ಮನೆಯವರ ಬಳಿ ಇರಲಿಲ್ಲ. ವಿಚಾರಣೆಯೇ ನಡೆಯದೆ ಮೂರು ವರ್ಷ ರೈಕರ್ಸ್ ದ್ವೀಪದ ಜೈಲಿನಲ್ಲಿ ಕಳೆದ, ಬಹುಕಾಲ ಒಂಟಿ ಕೋಣೆಯಲ್ಲಿ. 2013ರಲ್ಲಿ ಆರೋಪ ಕೈಬಿಟ್ಟರು. 2015ರಲ್ಲಿ ಅವನು ತನ್ನ ಪ್ರಾಣ ತಾನೇ ಕಳೆದುಕೊಂಡ. ನಮ್ಮ ಮಕ್ಕಳ ವಯಸ್ಸಿನವನು. ಅಮೆರಿಕದಲ್ಲಿ ಹದಿನೆಂಟು ಲಕ್ಷಕ್ಕೂ ಹೆಚ್ಚು ಜನ ಸೆರೆಯಲ್ಲಿದ್ದಾರೆ, ಅಲ್ಲಿ ಹೆಚ್ಚಿನವರು ಶಿಕ್ಷೆಯಾದವರು. ನಮ್ಮಲ್ಲಿ ಹೆಚ್ಚಿನವರು ಶಿಕ್ಷೆಯಾಗುತ್ತದೋ ಇಲ್ಲವೋ ಎಂದು ಕಾಯುತ್ತಿರುವವರು. ಎರಡೂ ಕಡೆ ಬಡವನೇ ಹೆಚ್ಚು ಕಾಲ ಒಳಗಿರುತ್ತಾನೆ.

ನಮ್ಮ ಕೋರ್ಟು ಕಚೇರಿಯ ಕನ್ನಡದ ತುಂಬ ಅರಬ್ಬಿ, ಪಾರಸಿ ಮಾತುಗಳೇ. ವಕೀಲ, ಫಿರ್ಯಾದಿ, ಜಪ್ತಿ, ಮುಚ್ಚಳಿಕೆ, ಕೈದಿ. ಉರ್ದು ಓದಿದವರಿಗೆ ಇವೆಲ್ಲ ಮನೆಯ ಮಾತು. ಜಾಮೀನು ಅರಬ್ಬಿಯ ‘ಜಾಮಿನ್’ನಿಂದ ಬಂದದ್ದು. ಇವನಿಗೆ ನಾನು ಹೊಣೆ ಎಂದು ನಿಲ್ಲುವವನು ಜಾಮಿನ್. ಜಮೀನು ಬೇರೆ, ಅದು ಪಾರಸಿಯಿಂದ ಬಂದ ನೆಲ. ಉಚ್ಚಾರದಲ್ಲಿ ಹತ್ತಿರವಾದರೂ ಎರಡಕ್ಕೂ ಸಂಬಂಧವಿಲ್ಲ ಎಂದು ನಾವು ಮಕ್ಕಳಿಗೆ ವಿವರಿಸಿದೆವು. ಕಾನೂನು ಓದುವ ಯುವತಿ ನಕ್ಕರು. “ಕೋರ್ಟಿನಲ್ಲಿ ಸಂಬಂಧ ಇದೆ. ಜಾಮೀನುದಾರನಿಗೆ ಪಹಣಿ ಅಥವಾ ಮನೆಯ ಖಾತಾ ಕೇಳುತ್ತಾರೆ, ಕಂದಾಯದ ರಸೀದಿ ಕೇಳುತ್ತಾರೆ. ಜಮೀನಿಲ್ಲದವರಿಗೆ ಜಾಮೀನು ಕಷ್ಟ” ಎಂದರು.

ಆಮೇಲೆ ಅವರು 1978ರ ಮೋತಿರಾಮ್ ಪ್ರಕರಣ ಹೇಳಿದರು. ಮಧ್ಯಪ್ರದೇಶದ ಈ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟರೂ ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಭದ್ರತೆ ಕೇಳಿದರು. ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನ ಜಾಮೀನನ್ನು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ತಪ್ಪೆಂದು ಹೇಳಿ, ಸಾವಿರ ರೂಪಾಯಿಯ ಮುಚ್ಚಳಿಕೆಯ ಮೇಲೆ ಬಿಡಲು ಆದೇಶಿಸಿದರು. ಮರುವರ್ಷ, 1979ರಲ್ಲಿ, ಬಿಹಾರದ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಶೀಘ್ರ ವಿಚಾರಣೆಯೂ ಸಂವಿಧಾನದ 21ನೆಯ ವಿಧಿಯ ಹಕ್ಕೇ ಎಂದು ತೀರ್ಮಾನವಾಯಿತು. ಈಗಿನ ನಾಗರಿಕ ಸುರಕ್ಷಾ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 479ನೆಯ ಕಲಮಿನಂತೆ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದ ಆರೋಪಿ ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಒಳಗೇ ಕಳೆದಿದ್ದರೆ ಅವನನ್ನು ಮುಚ್ಚಳಿಕೆಯ ಮೇಲೆ ಬಿಡಬೇಕು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ, ಹಲವು ಪ್ರಕರಣಗಳಿರುವವರಿಗೆ ಇದು ಅನ್ವಯಿಸದು. ಸೆರೆಯಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ಉಚಿತ ವಕೀಲರು ಸಿಗಬೇಕು. ಅದರ ಸಹಾಯವಾಣಿ 15100. ಈ ಸಂಖ್ಯೆಯನ್ನು ಮಕ್ಕಳು ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡರು.

ಆಗ ಹತ್ತನೆಯ ತರಗತಿಯ ಹುಡುಗನೊಬ್ಬ ನಮ್ಮ ಕಡೆ ತಿರುಗಿ ಕೇಳಿದ. “ಇಲ್ಲಿ ಸ್ವಂತ ಮನೆ ಇರೋರು ತುಂಬಾ ಜನ ಇದ್ದೀರಲ್ಲಾ ಅಂಕಲ್, ನಿಮ್ಮಲ್ಲಿ ಯಾರಾದ್ರೂ ಯಾರಿಗಾದ್ರೂ ಜಾಮೀನು ನಿಂತಿದ್ದೀರಾ?”

ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಆ ಹುಡುಗಿ ನೆಲ ನೋಡುತ್ತಿದ್ದಳು.

ಅವಳ ಅಣ್ಣನಿಗೆ ಜಾಮೀನು ಮಂಜೂರಾಗಿ ಆಗಲೇ ಎರಡು ತಿಂಗಳಾಗಿತ್ತು. ಐವತ್ತು ಸಾವಿರ ರೂಪಾಯಿಯ ಮುಚ್ಚಳಿಕೆ, ಒಬ್ಬ ಜಾಮೀನುದಾರ. ಊರಿನ ಜಮೀನು ಅಜ್ಜನ ಹೆಸರಿನಲ್ಲೇ ಉಳಿದಿತ್ತು, ಪಹಣಿಯಲ್ಲಿ ತಂದೆಯ ಹೆಸರಿರಲಿಲ್ಲ. ತಾಯಿ ಅವರಿವರ ಮನೆ ಬಾಗಿಲು ತಟ್ಟಿದ್ದಳು. ಇದನ್ನು ಬರೆಯುತ್ತಿರುವ ನಮ್ಮ ಮನೆಗೂ ಬಂದಿದ್ದಳು. ಹೊಸ್ತಿಲಾಚೆಯೇ ನಿಂತು, “ಅಣ್ಣಾರ, ಒಂದು ಸೈನ್ ಹಾಕ್ರಿ. ನನ್ನ ಮಗ ಎಲ್ಲಿಗೂ ಓಡಿ ಹೋಗಂಗಿಲ್ರಿ” ಎಂದಿದ್ದಳು. ನಾವು ಚಹಾ ಕೊಟ್ಟೆವು. “ನೋಡೋಣ ತಾಯಿ” ಎಂದೆವು. ‘ನೋಡೋಣ’ ಎಂದರೆ ಏನೆಂದು ಬಡವರಿಗೆ ಚೆನ್ನಾಗಿ ಗೊತ್ತು. ಅವಳು ಮತ್ತೆ ಬರಲಿಲ್ಲ.

ನಿಸಾರುದ್ದೀನ್ ಅವರಿಗಾಗಿ ಕಣ್ಣೀರು ಹಾಕಿದ್ದು ಸುಳ್ಳಲ್ಲ. ಆದರೆ ನಮ್ಮವರಿಗಾದ ಅನ್ಯಾಯವನ್ನು ದಿನಾಂಕ ಸಮೇತ ನೆನಪಿಟ್ಟುಕೊಂಡ ನಾವು, ಎದುರಿಗೆ ನಿಂತ ಈ ತಾಯಿಯನ್ನು ಕಳ್ಳನ ತಾಯಿ ಎಂದುಕೊಂಡೇ ಚಹಾ ಕೊಟ್ಟಿದ್ದೆವು. ಪಾದರಾಯನಪುರದ ಹೆಸರು ಕೇಳಿ ದೂರ ಸರಿದವರಿಗೂ ನಮಗೂ ಎಷ್ಟು ಅಂತರ ಉಳಿಯಿತು?

ಅಂದು ರಾತ್ರಿ ಮನೆಯಲ್ಲಿ ವಾದ ನಡೆಯಿತು. ಹುಡುಗ ತಪ್ಪಿಸಿಕೊಂಡರೆ ಐವತ್ತು ಸಾವಿರ ನಾವು ಕಟ್ಟಬೇಕು. ಅವನು ನಿಜವಾಗಿಯೂ ಕದ್ದಿದ್ದರೆ? ಮುಸ್ಲಿಂ ಹೆಸರಿನವರು ಕೋರ್ಟು ಮೆಟ್ಟಿಲು ಹತ್ತಿ ಸುಮ್ಮನೆ ಕಷ್ಟ ಎಳೆದುಕೊಳ್ಳುವುದು ಯಾಕೆ? ಯಾವ ಮಾತನ್ನೂ ತೆಗೆದುಹಾಕುವಂತಿರಲಿಲ್ಲ. ಕೊನೆಗೆ ಮಗಳು ತನ್ನ ನೋಟ್ ಪುಸ್ತಕ ತಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಸಾಲನ್ನು ತೋರಿಸಿದಳು. “ಅಬ್ಬಾ, ಇದು ಪರೀಕ್ಷೆಗೆ ಮಾತ್ರಾನಾ?” ಎಂದಳು.

ಮಂಗಳವಾರ ಖಾತಾ, ತೆರಿಗೆ ರಸೀದಿ, ಆಧಾರ್, ಎರಡು ಫೋಟೋ ಹಿಡಿದು ನೃಪತುಂಗ ರಸ್ತೆಯ ಕೋರ್ಟಿಗೆ ಹೋದೆವು. ಮೇಷ್ಟ್ರು ಜೊತೆಗೆ ಬಂದರು. ತಾಯಿ ಕೆಲಸ ಬಿಟ್ಟು, ಒಗೆದ ಸೀರೆ ಉಟ್ಟು ಬಂದಿದ್ದಳು. ಉಚಿತ ನೆರವಿನ ವಕೀಲರು ಅರ್ಜಿ ಬರೆದರು. ಮಧ್ಯಾಹ್ನದ ಮೇಲೆ ನಮ್ಮ ಸರದಿ ಬಂತು. ನ್ಯಾಯಾಧೀಶರು ಕಾಗದ ತಿರುವಿ ಹೆಸರು ಓದಿದರು. ಒಮ್ಮೆ ನಮ್ಮನ್ನೂ ಒಮ್ಮೆ ಆ ತಾಯಿಯನ್ನೂ ನೋಡಿ ಕೇಳಿದರು. “ಆರೋಪಿ ನಿಮಗೆ ಏನಾಗಬೇಕು?”

ವಕೀಲರು ಹೇಳಿಕೊಟ್ಟಿದ್ದ ಉತ್ತರ ‘ಪರಿಚಯಸ್ಥರು’ ಎಂದು. ಆದರೆ ಆ ಹುಡುಗನ ಮುಖವನ್ನೇ ನಾವು ನೋಡಿರಲಿಲ್ಲ. “ನಮ್ಮ ಮಗಳ ಸಹಪಾಠಿಯ ಅಣ್ಣ, ಸ್ವಾಮಿ. ತಾಯಿಯನ್ನು ಬಲ್ಲೆವು” ಎಂದೆವು. ಅವರು ಸಹಿ ಹಾಕಿದರು.

ಪ್ರಕರಣ ಇನ್ನೂ ನಡೆಯುತ್ತಿದೆ. ಅವನು ಮೊಬೈಲ್ ಕಿತ್ತುಕೊಂಡನೋ ಇಲ್ಲವೋ ಕೋರ್ಟು ಹೇಳಬೇಕು. ಪ್ರತಿ ವಾಯಿದೆಯ ಹಿಂದಿನ ದಿನ ಹುಡುಗ ನಮ್ಮ ಮನೆಗೆ ಬಂದು, “ನಾಳೆ ಹೋಗ್ತೀನ್ರಿ” ಎಂದು ಹೇಳಿ ಹೋಗುತ್ತಾನೆ. ಒಳಗೆ ಬಾ ಎಂದರೆ ಇನ್ನೂ ಹೊಸ್ತಿಲಾಚೆಯೇ ನಿಲ್ಲುತ್ತಾನೆ. ಶಾಲೆಯಲ್ಲಿ ಅವನ ತಂಗಿಯ ಡಬ್ಬಿಯ ಸುತ್ತ ಈಗ ಮೂವರು ಕೂರುತ್ತಾರೆ ಎಂದು ಮಗಳು ಹೇಳುತ್ತಾಳೆ. ಮೊದಲು ಆರು ಮಂದಿ ಕೂರುತ್ತಿದ್ದರಂತೆ.